ಗಾಲಿ ಹಚ್ಚಿದ ರೊಟ್ಟಿ ಮೇಜು

ನಮ್ಮ ಕಾಕಾ ಯಾವ ಕೆಲಸವನ್ನೂ ಮುಗಿಸುವುದನ್ನೇ ಬಿಟ್ಟಿದ್ದಾರೆ. ಸೋಮಾರಿತನ ಎಂದುಕೊಂಡಿರಾ? ಛೇ, ಅದು ಆಧುನಿಕ ಪದ್ಧತಿಯಂತೆ!

ಶಹಾಬಾದಿನಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿ. ಮೊದಲೆಲ್ಲ ಗೇಟು ಮಾಡಿದರೆ ಮಾಡಿದಂತೆಯೇ. ಗಿರಾಕಿ ತಕರಾರು ತೆಗೆದರೆ, "ಗೇಟ್ ಹಿಂಗ ಇರ್ತದ, ಒಯ್ರಿ" ಎನ್ನುತ್ತಿದ್ದರು. ಎಲ್ಲರೂ ಸುಖವಾಗಿದ್ದೆವು. ಆಮೇಲೆ ಕಲಬುರಗಿಯಲ್ಲಿ ಸಣ್ಣ ಕೈಗಾರಿಕೆಯವರ ತರಬೇತಿಗೆ ಹೋಗಿ ಬಂದರು. ಈಗಿನ ಕಂಪನಿಗಳು ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಬಳಸುವವರ ಕೈಗೆ ಕೊಟ್ಟು, ತಪ್ಪು ಕೇಳಿ, ತಿದ್ದಿ, ಮತ್ತೆ ಕೊಡುತ್ತವಂತೆ. ಅಂದಿನಿಂದ ಮನೆಮಂದಿಯೆಲ್ಲ ಬಳಸುವವರಾದೆವು. ನನಗಂತೂ ಸಾಕಾಗಿಹೋಗಿದೆ.

ಈಗ ನಡೆದಿರುವುದು ರೊಟ್ಟಿ ಮೇಜು. ಕಾಕಿಗೆ ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿಯುವುದು ಕಷ್ಟವಾಗಿತ್ತು. ಬಾಯಿಬಿಟ್ಟು ಹೇಳಿದವರಲ್ಲ, ಏಳುವಾಗ ಗೋಡೆ ಹಿಡಿಯುವುದನ್ನು ಕಾಕಾ ನೋಡಿದ್ದರು. ನಿಂತೇ ಬಡಿಯುವಂಥ ಮೇಜು ಮಾಡಲು ಹೊರಟರು.

ಮೊದಲನೆಯದು ರಟ್ಟಿನದು. ಎರಡನೇ ಬಡಿತಕ್ಕೆ ರೊಟ್ಟಿ ಸಮೇತ ಕುಸಿಯಿತು. "ಹ್ಯಾಂಗದ?" ಎಂದರು ಕಾಕಾ. "ಛಲೋ ಅದರಿ" ಎಂದರು ಕಾಕಿ, ನೆಲದಿಂದ ಹಿಟ್ಟು ಬಳಿಯುತ್ತ!

ಎರಡನೆಯದು ಕಬ್ಬಿಣದ್ದು. ಎಲ್ಲಿಗೆ ಬೇಕಾದರೂ ತಳ್ಳಬಹುದೆಂದು ಅದಕ್ಕೆ ಗಾಲಿ! ರೊಟ್ಟಿ ಬಡಿಯುವ ಮೇಜಿಗೆ ಗಾಲಿ ಹಚ್ಚಿದವರನ್ನು ನೀವು ಕಂಡಿದ್ದೀರಾ? ಒಂದೊಂದು ಬಡಿತಕ್ಕೂ ಮೇಜು ಮುಂದೆ, ಕಾಕಿ ಹಿಂದೆ. ರೊಟ್ಟಿ ಆಗುವಷ್ಟರಲ್ಲಿ ಇಬ್ಬರೂ ಪಡಸಾಲೆ ಸೇರಿದ್ದರು.

"ಹ್ಯಾಂಗದ?"

"ಛಲೋ ಅದರಿ."

"ತಪ್ಪು ಏನದ ಹೇಳಬಾರದೇನು? ನೀ ಹೇಳದಿದ್ರ ನಾ ಏನ್ ತಿದ್ದಲಿ?"

"ಇಷ್ಟು ದಣದು ಮಾಡೀರಿ, ತಪ್ಪು ತೆಗದು ಹ್ಯಾಂಗ ಹೆಸರಿಡಲಿ?"

ಮೊನ್ನೆ ಭಾನುವಾರ ಮೂರನೆಯದು ಬಂತು. ಗಾಲಿ ಇಲ್ಲ, ಮೇಲೆ ನಮ್ಮೂರಿನದೇ ನುಣುಪು ಹಾಸುಗಲ್ಲು. ಕಾಕಿ ಮತ್ತೆ "ಛಲೋ ಅದರಿ" ಎಂದಾಗ ಕಾಕಾಗೆ ಸಿಟ್ಟೇ ಬಂತು. ಅಂಗಿ ತೋಳು ಮಡಚಿ ತಾವೇ ಬಡಿಯಲು ನಿಂತರು. ಗಂಡ ಹೆಂಡತಿ ಇಬ್ಬರದೂ ಒಂದೇ ಎತ್ತರ. ಮೂರು ರೊಟ್ಟಿಗೆ ಕಾಕಾ ಹೆಗಲು ಹಿಡಿದುಕೊಂಡರು. ಕಾಕಿಗೆ ನೋಡಲಾಗಲಿಲ್ಲ.

"ಬಿಡ್ರಿ, ಮೇಜು ಭಾಳ ಎತ್ತರ ಆಗ್ಯಾದ. ನನಗೂ ಅಲ್ಲೇ ನೋಯ್ತದ."

ನಾವೆಲ್ಲ ಬೆಕ್ಕಸಬೆರಗಾದೆವು. ಮದುವೆಯಾಗಿ ಬಂದಾಗಿನಿಂದ ಕಾಕಿ ತೆಗೆದ ಮೊದಲ ತಕರಾರು ಅದು! ಕಾಕಾ ಹಿಟ್ಟಿನ ಕೈಯಲ್ಲೇ ಅವರನ್ನು ಕುರ್ಚಿಯಲ್ಲಿ ಕೂಡಿಸಿ, ತಾವು ಕೆಳಗೆ ಕೂತರು.

"ಮತ್ತ? ಇನ್ನೆಲ್ಲೆಲ್ಲಿ ನೋಯ್ತದ, ಹೇಳು."

ಕಾಕಿ ಒಂದೊಂದಾಗಿ ಹೇಳತೊಡಗಿದರು. ಕಾಕಾ ತಲೆ ಎತ್ತಿ ಕೇಳುತ್ತ ಕೂತರು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನೇ ಸದ್ದಿಲ್ಲದೆ ಹೋಗಿ ಗ್ಯಾಸ್ ಆರಿಸಿದೆ.