ಎದ್ದು ಹೊರಡುವ ವ್ಯಾಪಾರ

ವ್ಯಾಪಾರದಲ್ಲಿ ಮಾತಿಗಿಂತ ಬೆನ್ನಿಗೆ ಬೆಲೆ ಹೆಚ್ಚು, ಬೇಕಾದರೆ ಬರೆದಿಟ್ಟುಕೊಳ್ಳಿ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಡೂರಿನ ತೆಂಗಿನಕಾಯಿ ಮಂಡಿಗಳ ಮೆಟ್ಟಿಲು ಕಲಿಸಿದವು. ಮಂಡಿಯವನು ಬೆಲೆ ಹೇಳಿದ ಕೂಡಲೇ ಟವೆಲ್ ಕೊಡವಿ ಎದ್ದುಬಿಡಬೇಕು. ಮೆಟ್ಟಿಲಿಳಿಯುವಷ್ಟರಲ್ಲಿ "ಬನ್ನಿ ಯಜಮಾನ್ರೇ, ಕೂತ್ಕಳಿ" ಅನ್ನುವುದು ನಮ್ಮ ಕಡೆ ವ್ಯಾಪಾರ ಮಾತ್ರವಲ್ಲ, ಮರ್ಯಾದೆ ಕೂಡ. ನನ್ನ ಮದುವೆಯ ಮಾತುಕತೆಯಲ್ಲೂ ಹೀಗೇ ಎದ್ದಿದ್ದೆ. ಹೆಣ್ಣಿನ ಅಪ್ಪ ಬಾಗಿಲ ತನಕ ಬಂದು ಕರೆದರು. ಅಪ್ಪ ಅವತ್ತು ಸುಮ್ಮನಿದ್ದಿದ್ದರೆ ಎಂದು ನನ್ನ ಹೆಂಡತಿ ಇಂದಿಗೂ ನಿಟ್ಟುಸಿರು ಬಿಡುತ್ತಾಳೆ.

ಈ ವಿದ್ಯೆಯನ್ನು ಬೆಂಗಳೂರಿಗೆ ಒಯ್ದದ್ದೇ ನನ್ನ ಗ್ರಹಚಾರ. ಚೌಳಹಿರಿಯೂರಿನಲ್ಲಿರುವ ನನ್ನ ತಂಗಿ ಸುಮಿತ್ರಳ ಮಗ ಪವನ, ಹೈಸ್ಕೂಲಿಗೆ ಕಾಲಿಟ್ಟ ವರ್ಷವೇ ಬೆಂಗಳೂರಿನ ಫುಟ್‌ಬಾಲ್ ಅಕಾಡೆಮಿ ಸೇರಿದ್ದ. ಹಬ್ಬಕ್ಕೆ ಬಂದರೆ ಹೋಳಿಗೆ ಪಕ್ಕಕ್ಕಿಟ್ಟು ಬೇಯಿಸಿದ ಕಾಳು ಕೇಳಿ ಅಮ್ಮನ ಕಣ್ಣಲ್ಲಿ ನೀರು ತರಿಸುತ್ತಿದ್ದ. ಕೊನೆಗೆ ಆ ಅಕಾಡೆಮಿ ನಡೆಸುವ ಕ್ಲಬ್ಬಿನವರು ಅವನನ್ನು ದೊಡ್ಡವರ ತಂಡಕ್ಕೆ, ಸಂಬಳದ ಆಟಗಾರನಾಗಿ ತೆಗೆದುಕೊಳ್ಳಲು ಕರೆದರು. ಅವನ ಅಪ್ಪ ನಾಲ್ಕು ಜನರ ಮುಂದೆ ಬಾಯಿ ಬಿಡುವವನಲ್ಲ. ನಾನಿದ್ದೀನಲ್ಲ ಎಂದೆ, ಸುಮಿತ್ರ ಕಳಿಸಿಕೊಟ್ಟಳು.

ಮ್ಯಾನೇಜರ್ ಒಪ್ಪಂದದ ಹಾಳೆ ಮುಂದಿಟ್ಟು ಸಂಬಳ ಹೇಳಿದರು. ಚೆನ್ನಾಗಿಯೇ ಇತ್ತು. ಆದರೆ ಮೊದಲ ಬೆಲೆಗೆ ಒಪ್ಪುವುದುಂಟೆ? "ಏಳೋ ಪವನ, ಇದು ಗಿಟ್ಟೋ ಮಾತಲ್ಲ" ಎಂದು ಎದ್ದೆ. ಮ್ಯಾನೇಜರೂ ಎದ್ದು, ಕೈ ಕುಲುಕಿ, "ಆಲ್ ದಿ ಬೆಸ್ಟ್" ಎಂದು ಬಾಗಿಲು ಹಾಕಿಕೊಂಡರು. ಭಲೇ, ಪಳಗಿದ ವ್ಯಾಪಾರಿ ಎಂದುಕೊಂಡೆ.

ಗೇಟಿನ ಬಳಿ ನಿಂತು ನಿಧಾನವಾಗಿ ಟೀ ಕುಡಿದೆ. ಇನ್ನೊಂದು ಟೀ ಕುಡಿದೆ.

"ಮಾವ, ಯಾರೂ ಕರೀತಿಲ್ಲ."

"ತಿರುಗಿ ನೋಡ್ಬೇಡ ಕಣೋ! ರೇಟು ಬಿದ್ದೋಗುತ್ತೆ."

"ಅಗೋ, ಆ ಹುಡುಗ ಅವರಪ್ಪನ್ನ ಕರ್ಕಂಡು ಒಳಗೆ ಹೋಗ್ತಾವ್ನೆ. ನಾನಾಡೋ ಜಾಗದಲ್ಲೇ ಆಡೋನು ಮಾವ ಅವ್ನು!"

ಹಾಗೆಂದವನೇ ಒಳಗೆ ಓಡಿದ. ತಿರುಗಿ ಬರುವಾಗ ನೆಲ ನೋಡಿಕೊಂಡು ಬಂದ. ಜಾಗ ಹೋಗಿತ್ತು. ಬೇಡಿಕೊಂಡದ್ದಕ್ಕೆ, ಇನ್ನೊಂದು ವರ್ಷ ಕಿರಿಯರ ಜೊತೆ ಅಭ್ಯಾಸ ಮಾಡಿಕೊಂಡಿರು ಎಂದರಂತೆ.

ಊರಿಗೆ ಬರುವ ರೈಲಿನಲ್ಲಿ, ಅರಸೀಕೆರೆ ಬಂದಾಗ, ಅವನು ಕೇಳಿದ: "ಮಾವ, ನಾನೇನು ಕಾಯಿ ಚೀಲಾನಾ?" ನಾನು ಎದ್ದು, ಕಡೂರು ಬರುವ ಮುಂಚೆಯೇ ಬಾಗಿಲಿಗೆ ಹೋಗಿ ನಿಂತೆ. ಮನೆಗೆ ಹೋದಾಗ ಸುಮಿತ್ರ ಬೈದಿದ್ದರೆ ಸಮಾಧಾನವಾಗುತ್ತಿತ್ತು. "ನಿನ್ನ ಕಳ್ಸಿದ್ದು ನಾನೇ ಕಣಣ್ಣ" ಎಂದು ಒಳಗೆ ಹೋದಳು. ಆಮೇಲೆ ಅವಳ ಮನೆಯಲ್ಲಿ ಕಾಫಿ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಈ ವರ್ಷ ಪವನ ತನ್ನ ಕಾಲಿನ ಬಲದಿಂದಲೇ ದೊಡ್ಡ ತಂಡ ಸೇರಿದ. ಒಪ್ಪಂದಕ್ಕೆ ಅಪ್ಪನನ್ನು ಕರೆದೊಯ್ದನಂತೆ. ಆ ಮನುಷ್ಯ ತೋರಿಸಿದಲ್ಲಿ ರುಜು ಹಾಕಿ ಬಂದನಂತೆ. ಮೊದಲ ಪಂದ್ಯಕ್ಕೆ ಅಪ್ಪ ಅಮ್ಮನಿಗೆ ಪಾಸು ಬಂತು. ನನಗೆ ಬರಲಿಲ್ಲ. ತರೀಕೆರೆಗೆ ಕಾಯಿ ಲೋಡು ಕಳಿಸುವುದಿದೆ ಎಂದು ಹೆಂಡತಿಗೆ ಹೇಳಿ ಬೆಂಗಳೂರಿನ ರೈಲು ಹತ್ತಿದೆ. ಕೌಂಟರಿನಲ್ಲಿ ಟಿಕೆಟ್ ಮುಗಿದಿತ್ತು. ಮೈದಾನದ ಹೊರಗೆ ಬ್ಲಾಕಿನಲ್ಲಿ ಮಾರುತ್ತಿದ್ದವನೊಬ್ಬ ಬಾಯಿಗೆ ಬಂದ ಬೆಲೆ ಹೇಳಿದ. ಒಳಗೆ ಆಟ ಶುರುವಾದ ಸೀಟಿ ಕೇಳಿಸಿತು. ಚೌಕಾಸಿಗೆ ನಿಲ್ಲದೆ ಅಷ್ಟೂ ಕೊಟ್ಟೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಪರೀಕ್ಷಿಸತೊಡಗಿದ.