ಗೇಣಪ್ಪನ ಪೂರ್ತಿ ಹೆಸರು

ಮೃತ್ಯುಂಜಯನ ದನಿ ದೊಡ್ಡದು. ತೋಟದ ಈ ತುದಿಯಲ್ಲಿ ಅವನು ಕೆಮ್ಮಿದರೆ ಆ ತುದಿಯ ಗುಬ್ಬಿಗಳು ಹಾರುತ್ತಿದ್ದವು. ಆ ದನಿಯಿಂದಾಗಿಯೇ ಅವನು ಆ ದಿನ ಸಿಕ್ಕಿಬಿದ್ದ.

ಸವಣೂರಿನ ವೀಳ್ಯದೆಲೆ ತೋಟಗಳಿಗೆ ನೀರು ತರುವ ನೆಲದೊಳಗಿನ ಕಾಲುವೆ ಎಲ್ಲೋ ಕಟ್ಟಿಕೊಂಡು ಬಳ್ಳಿಗಳು ಬಾಡತೊಡಗಿದ್ದವು. ನೆಲದೊಳಗಿನ ಕೆಲಸ ಆಡೂರಿನ ಗೇಣಪ್ಪಗಳನ್ನು ಬಿಟ್ಟರೆ ಇನ್ನಾರಿಗೂ ಬಾರದು. ಗೇಣಪ್ಪ ಎನ್ನುವುದು ಕರೆಯುವ ಮಾತಿಗೆ. ಅವರು ಮೊಣಕಾಲೆತ್ತರ ಇರುತ್ತಾರೆ. ಗಡ್ಡ ಹೊಟ್ಟೆಯವರೆಗೆ, ನಗು ಕಿವಿಯವರೆಗೆ. ಹೊಲಗಳ ಕೆಳಗೆ ಮನೆ ಮಾಡಿಕೊಂಡು, ಹೆಗ್ಗಣಗಳೊಡನೆ ಹರಟೆ ಹೊಡೆಯುತ್ತ, ಹೊಳೆಯುವ ಕಲ್ಲು ಕೂಡಿಹಾಕುತ್ತ, ಕೈಗೆ ಸಿಕ್ಕ ಯಂತ್ರವನ್ನೆಲ್ಲ ಬಿಚ್ಚಿ ನೋಡುತ್ತ ಸುಖವಾಗಿದ್ದಾರೆ.

ಕೂಲಿ ಕೊಟ್ಟರೆ ಅವರಿಗೆ ಅವಮಾನ. ಕೆಲಸಕ್ಕೆ ಕೈ ಹಾಕುವ ಮೊದಲು ಸಭೆಯೊಂದರಲ್ಲಿ ಅವರ ಪೂರ್ತಿ ಹೆಸರು ಹೇಳಬೇಕು, ಅಷ್ಟೇ. ಆದರೆ ಗೇಣಪ್ಪನನ್ನು ಪ್ರೀತಿಸಿದ ಪ್ರತಿಯೊಬ್ಬರೂ ಅವನಿಗೊಂದು ಹೆಸರು ಕೊಟ್ಟಿರುತ್ತಾರೆ. ಅವನು ಯಾವುದನ್ನೂ ಬಿಟ್ಟುಕೊಡುವುದಿಲ್ಲ. ನಡುವೆ ಬೇರೆ ಮಾತು ಬಂದರೆ ಮತ್ತೆ ಮೊದಲಿನಿಂದ ಹೇಳಬೇಕು. ಹಿಂದೆ ಯಾವುದೋ ಊರಿನವರು 'ಇತ್ಯಾದಿ' ಎಂದು ಮುಗಿಸಿದ್ದಕ್ಕೆ, ಬೆಳಗಾಗುವುದರೊಳಗೆ ಆ ಊರಿನ ಬಾಗಿಲುಗಳ ಒಳಚಿಲಕಗಳೆಲ್ಲ ಹೊರಗಡೆ ಬಂದು ಕೂತಿದ್ದವು.

ಎಲೆ ಬೆಳೆಗಾರರ ಸಂಘದ ಅಧ್ಯಕ್ಷ ಪರಮೇಶ್ವರಪ್ಪ ಮೃತ್ಯುಂಜಯನನ್ನು ಕರೆದು, ಗೇಣಪ್ಪಗಳ ಹಿರಿಯನನ್ನು ಆಡೂರಿನಿಂದ ಕರೆತರುವುದೂ ನಿನಗೇ, ಸ್ವಾಗತದ ಮಾತೂ ನಿನಗೇ ಎಂದರು. ಮೃತ್ಯುಂಜಯ ಹಿಗ್ಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೈಕು ಹತ್ತಿದ.

ಆಡೂರಿನ ಹುಣಸೆಮರದ ಕೆಳಗೆ ಕೆಂಪು ರುಮಾಲಿನ ಗೇಣಪ್ಪನೊಬ್ಬ ಕುಳಿತಿದ್ದ.

"ಸವಣೂರಿಗೆ ಬರೋರು ನೀವ ಏನ್ರಿ?" ಎಂದು ಮೃತ್ಯುಂಜಯ ಕೇಳಿದ.

"ಹೌದ್ರಿ, ನಾನ."

"ಹಂಗಾರ ನಿಮ್ಮ ಹೆಸರು ಹೇಳ್ರಿ."

ಗೇಣಪ್ಪನ ಮುಖ ಹೂವಾಯಿತು. ಬೈಕಿನ ಪೆಟ್ರೋಲ್ ಟಾಕಿಯ ಮೇಲೆ ಕುಳಿತು ಶುರು ಮಾಡಿದ. ಅವ್ವ ಕೊಟ್ಟದ್ದು 'ಮಣ್ಣೊಳಗಿನ ಮುತ್ತು'. ಬೋನಿನಿಂದ ಬಿಡಿಸಿದ್ದಕ್ಕೆ ಹೆಗ್ಗಣವೊಂದು ಕೊಟ್ಟದ್ದು 'ಬಾಲ ಉಳಿಸಿದಾತ'. ಮಾವ ಕೊಟ್ಟದ್ದು 'ನಕ್ಕರೆ ನೆಲ ನಡುಗಿಸುವಾತ'. ಹೀಗೆ ಸಾಗಿದ ಹೆಸರು ಬಂಕಾಪುರ ಬಂದಾಗ ಮುಗಿಯಿತು. ಮರೆತರೆ ಕೆಟ್ಟೆ ಎಂದು ಮೃತ್ಯುಂಜಯ ಆ ಹೆಸರನ್ನೇ ಬಾಯಲ್ಲಿ ಉರುಹಾಕುತ್ತ ಸವಣೂರು ಸೇರಿದ. ಗೇಣಪ್ಪ ತುಟಿಪಿಟಕ್ಕೆನ್ನದೆ, ಕಣ್ಣು ಮುಚ್ಚಿ ತಲೆದೂಗುತ್ತ ಕುಳಿತಿದ್ದ.

ಸಂಘದ ಪತ್ರಾಸಿನ ತಗಡಿನ ಶೆಡ್ಡು ತುಂಬಿ ಹೋಗಿತ್ತು. ಮೃತ್ಯುಂಜಯ ಹೆಸರು ಹೇಳುತ್ತಲೇ ವೇದಿಕೆ ಹತ್ತಿ, ಮೈಕು ಹಿಡಿದು, ಉಸಿರೆಳೆದುಕೊಂಡು ಮೊದಲಿನಿಂದ ಶುರು ಮಾಡಿದ. ಅರ್ಧ ದಾರಿ ಬಂದಿದ್ದ. ಕುರುಕಲು ಖಾರದ ಅಂಗಡಿಯ ಖಾದರಸಾಬನಿಗೆ ಅವನ ಬೆವರು ನೋಡಿ ಕರುಳು ಚುರ್ರೆಂದಿತು. ತಂಬಿಗೆ ಹಿಡಿದು ವೇದಿಕೆ ಹತ್ತಿ, ನೀರು ಕುಡಿ ಎಂದ. ಬೇಡವೆಂದು ಮೃತ್ಯುಂಜಯನ ಬಾಯಿಂದ ಬಂದೇಬಿಟ್ಟಿತು. ಗೇಣಪ್ಪ ನಗುತ್ತಲೇ ಒಂದು ಬೆರಳೆತ್ತಿದ. ಮತ್ತೆ ಮೊದಲಿನಿಂದ.

ಎರಡನೆಯ ಸಲ ಮುಕ್ಕಾಲು ಮುಗಿಸುವಷ್ಟರಲ್ಲಿ ಮೈಕು ಸತ್ತಿತು. ಗೇಣಪ್ಪ ತನ್ನ ಹೆಸರು ಕೇಳುತ್ತ ಕೇಳುತ್ತ, ಕೈ ಸುಮ್ಮನಿರದೆ, ಪಕ್ಕದಲ್ಲಿದ್ದ ಆಂಪ್ಲಿಫೈಯರನ್ನು ಬಿಚ್ಚಿ ಸಂಡಿಗೆಯಂತೆ ಹರವಿಬಿಟ್ಟಿದ್ದ. ಮೃತ್ಯುಂಜಯ ಎದೆಗುಂದದೆ ಬರಿಗಂಟಲಲ್ಲಿ ಮುಂದುವರಿಸಿದ. ಆದರೆ ಪರಮೇಶ್ವರಪ್ಪ ಎದ್ದು, ಮೈಕು ಕೆಟ್ಟಿದೆ, ಯಾರೂ ಏಳಬಾರದು ಎಂದು ಸಭೆಗೆ ವಿನಂತಿಸಿಕೊಂಡರು. ಬೆರಳು ಮೇಲೆದ್ದಿತು.

ಮೂರನೆಯ ಸಲ ಕೊನೆಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಖಾದರಸಾಬನ ಹೆಂಡತಿ ಬಾನುಬಿ ಗೇಣಪ್ಪನ ಮುಂದೆ ಖಾರದ ತಟ್ಟೆ ಇಟ್ಟಿದ್ದಳು. ಅವನು ಮುಷ್ಟಿ ತುಂಬಿ ಮುಕ್ಕುವುದನ್ನು ಕಂಡು ಅವಳಿಗೆ ಮುದ್ದು ಉಕ್ಕಿ, 'ಖಾರಕ್ಕೆ ಅಂಜದ ಕಂದ' ಎಂದುಬಿಟ್ಟಳು. ಪ್ರೀತಿಯಿಂದ ಕೊಟ್ಟ ಹೆಸರನ್ನು ಗೇಣಪ್ಪಗಳು ನಿರಾಕರಿಸುವುದಿಲ್ಲ. ಅವನು ಎದೆ ಮುಟ್ಟಿಕೊಂಡು ಒಪ್ಪಿಕೊಂಡ. ಅದನ್ನು ನೋಡಿದ್ದೇ ಸಭೆಗೆಲ್ಲ ಉತ್ಸಾಹ ಬಂತು. ಸಂಘದ ಕಾರ್ಯದರ್ಶಿ ಸುಧಾರಾಣಿ ಒಂದು ಕೊಟ್ಟಳು, ಪರಮೇಶ್ವರಪ್ಪ ಒಂದು, ಹಿಂದಿನ ಸಾಲಿನವರು ಪೈಪೋಟಿಗೆ ಬಿದ್ದು ಕೊಟ್ಟರು. ಮೃತ್ಯುಂಜಯ ಮಾತ್ರ ಏನೂ ಕೊಡದೆ ಗೋಡೆ ಹಿಡಿದು ನಿಂತ.

ನಾಲ್ಕನೆಯ ಸಲಕ್ಕೆ ಸಭೆಗೆ ಹೆಸರೆಲ್ಲ ಬಾಯಿಪಾಠವಾಗಿತ್ತು. ಜನ ಚಪ್ಪಾಳೆಯ ತಾಳ ಹಾಕಿ ಭಜನೆಯಂತೆ ದನಿಗೂಡಿಸಿದರು. ಹೊತ್ತು ಇಳಿಯುವಾಗ ಹೆಸರು ಮುಗಿಯಿತು. ಶೆಡ್ಡು ಹಾರುವಂತೆ ಸಿಳ್ಳೆ ಬಿದ್ದವು. ಮೃತ್ಯುಂಜಯನ ಗಂಟಲಲ್ಲಿ ಗಾಳಿಯಷ್ಟೇ ಉಳಿದಿತ್ತು, ಆದರೆ ಅವನ ಎದೆ ತುಂಬಿತ್ತು.

ಗೇಣಪ್ಪ ಕಣ್ಣೊರೆಸಿಕೊಂಡು ಕುರ್ಚಿಯ ಮೇಲೆ ನಿಂತ.

"ನನ್ನ ಹೆಸರು ಇಷ್ಟು ಚಂದ ಯಾರೂ ಹೇಳಿದ್ದಿಲ್ರಿ. ಈಗ ನಾ ಬಂದ ಕೆಲಸ ಹೇಳ್ತೇನಿ. ಕಾಲುವಿ ತೆಗಿಯಾಂವ ನಮ್ಮಣ್ಣ. ಸಂಜಿಗೆ ಬರ್ತಾನ, ಹೇಳಿ ಬಾ ಅಂತ ನನ್ನ ಕಳಿಸ್ಯಾನ."

ಮುಂಜಾನೆಯೇ ಯಾಕೆ ಹೇಳಲಿಲ್ಲ ಎಂದು ಪರಮೇಶ್ವರಪ್ಪ ಕೇಳಿದರು.

"ಹೆಂಗ ಹೇಳ್ಲಿರಿ? ಇವರು ಹೆಸರು ಕೇಳಿದ್ರು, ಹೇಳಿದೆ. ಮುಗದ ಕೂಡ್ಲೆ ಅದನ್ನ ಇವರು ಹೇಳಾಕ ಹತ್ತಿದ್ರು. ನಮ್ಮ ಹೆಸರು ಹೇಳೋರ ನಡುವ ನಾವ ಬಾಯಿ ಹಾಕೋ ಪದ್ಧತಿ ನಮ್ಮೊಳಗಿಲ್ರಿ."

ಸುಧಾರಾಣಿ ಮೆಲ್ಲಗೆ, ಅಣ್ಣನ ಹೆಸರು ಎಷ್ಟು ಉದ್ದ ಎಂದು ವಿಚಾರಿಸಿದಳು.

"ಹಿರೇರ ಹೆಸರಿನ್ಯಾಗ ತಮ್ಮಂದಿರ ಹೆಸರೆಲ್ಲ ಮೊದಲು ಬರ್ತಾವ್ರಿ, ಆಮ್ಯಾಲ ಅವರದು. ನಾ ಎಲ್ಲಾರಕಿಂತ ಸಣ್ಣಾಂವ. ನನ್ನ ಮ್ಯಾಲ ಇನ್ನ ಒಂಬತ್ತು ಮಂದಿ ಅದಾರ."

ಅಷ್ಟರಲ್ಲಿ ವೇದಿಕೆಯ ಮುಂದಿನ ನೆಲ ಉಬ್ಬಿತು. ಮಣ್ಣು ಸರಿಸಿಕೊಂಡು, ನೆಲಕ್ಕೆ ತಾಗುವ ಗಡ್ಡದ ಹಿರಿಯ ಗೇಣಪ್ಪ ಮೇಲೆ ಬಂದ. ರುಮಾಲು ಕೊಡವಿ, ಕುರ್ಚಿ ಏರಿ, ಕಿವಿಯ ಮೇಲಿನ ಕೂದಲು ಸರಿಸಿ, ಮಗುವಿನ ಆಸೆಯಿಂದ ಮೃತ್ಯುಂಜಯನನ್ನೇ ನೋಡುತ್ತ ಕುಳಿತ. ಜನ ಮತ್ತೆ ಚಕ್ಕಳಮಕ್ಕಳ ಹಾಕಿದರು.

ಮೃತ್ಯುಂಜಯ ದೇವರನ್ನು ನೆನೆದು ಬಾಯಿ ತೆರೆದ. ಒಳಗಿನಿಂದ ತುಕ್ಕು ಹಿಡಿದ ಗೇಟಿನಂತೆ "ಕ್ರ್ಯಾಂವ್" ಎಂದು ಒಂದೇ ಸದ್ದು ಹೊರಟಿತು.

ಹಿರಿಯ ಗೇಣಪ್ಪ ಎದೆ ಮುಟ್ಟಿಕೊಂಡ.

"ಕ್ರ್ಯಾಂವ್. ಭಾಳ ಚಲೋ ಹೆಸರು ಕೊಟ್ರಿ. ಇದನ್ನೂ ಸೇರಿಸ್ಕೊಂಡು ಮೊದಲಿಂದ ಹೇಳ್ರಿ."