ಹಸಿ ಮಣ್ಣಿಗೆ, ಒಣ ಗಾಡಿಗೆ

"ಇನ್ನ ಮ್ಯಾಲ ನಮ್ಮ ಮನಿಯಿಂದ ಒಂದು ಕರಿಬೇವಿನ ಕಡ್ಡಿ ಸುದ್ಧಾ ಹೊರಗ ಹೋಗಂಗಿಲ್ಲ" ಎಂದು ಖೂಬಾ ಪ್ಲಾಟಿನ ಅರುಣಕುಮಾರ ಓಣಿಯ ಸಭೆಯಲ್ಲಿ ಎದ್ದು ನಿಂತು ಘೋಷಿಸಿಬಿಟ್ಟ. ಭೀಷ್ಮಪ್ರತಿಜ್ಞೆಗಾದರೂ ಒಂದಿಷ್ಟು ಯೋಚನೆ ಇತ್ತು. ಇದು ಚಹಾ ಬರುವುದರೊಳಗೆ ಮುಗಿದೇಹೋಯಿತು! ಸಭೆ ಕರೆದವರು ಪಾಲಿಕೆಯ ಆರೋಗ್ಯ ಮೇಲ್ವಿಚಾರಕಿ ಕುಲ್ಸುಮ್. ಮನೆಮನೆಯಲ್ಲೂ ಗೊಬ್ಬರ ಮಾಡಿಸುವ ಹೊಸ ಕೆಲಸ ಅವರ ತಲೆಯ ಮೇಲಿತ್ತು. 'ಹಸಿ ಮಣ್ಣಿಗೆ, ಒಣ ಗಾಡಿಗೆ' ಎಂಬ ಮಂತ್ರವನ್ನು ಎಲ್ಲರಿಂದ ಮೂರು ಸಲ ಹೇಳಿಸಿ, ತೂತು ಕೊರೆದ ಹಸಿರು ಡ್ರಮ್ಮೊಂದನ್ನು ಅರುಣಕುಮಾರನಿಗೆ ಒಪ್ಪಿಸಿದರು. ತುಂಬಿದ ಮೇಲೆ ಮುಚ್ಚಳಕ್ಕೆ ಮೊಹರಿನ ಪಟ್ಟಿ. ಮೂವತ್ತನೆಯ ದಿನ ಓಣಿಯವರ ಎದುರಿಗೇ ತೆಗೆಯಬೇಕು. ಗೊಬ್ಬರವಾಗಿದ್ದರೆ ಗೇಟಿಗೆ 'ಮಾದರಿ ಮನೆ' ಫಲಕ!

ಫಲಕದ ಆಸೆಗೆ ಅವನು ನೆರೆಮನೆಯವರ ಸಿಪ್ಪೆಗಳನ್ನೂ ಬೇಡಿ ತಂದ. ಹುಟ್ಟಿ ಬೆಳೆದದ್ದು ಶಹಾಬಜಾರದ ಇಕ್ಕಟ್ಟು ಗಲ್ಲಿಯಲ್ಲಿ. ಅವನ ಕೃಷಿಜ್ಞಾನ ಕೊತ್ತಂಬರಿ, ಮೆಂತ್ಯೆ ಬೇರೆ ಬೇರೆ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಹೆಂಡತಿ ಮಲ್ಲಿಕಾ ಮಾತ್ರ ಕಮಲಾಪುರದ ಕೆಂಪು ಬಾಳೆ ಬೆಳೆಗಾರ ದೌಲಪ್ಪನವರ ಮಗಳು. ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದವಳು ಅಲ್ಲಿಂದಲೇ ಫೋನು ಮಾಡಿದಳು.

"ಅಪ್ಪ ಬಸ್ಸಿನಾಗ ಒಂದು ಚೀಲ ಇಟ್ಟಾರ. ಹಸಿ ಅದ ರೀ, ಇವತ್ತೇ ಮಣ್ಣಿಗಿ ಹಾಕ್ರಿ."

ಚೀಲ ತಂದು ಬಿಚ್ಚಿದರೆ ಒಳಗೆ ತಲೆ ಕತ್ತರಿಸಿದ, ಬೇರು ಸವರಿದ, ಮಣ್ಣು ಮೆತ್ತಿದ ಒಂದು ಗಡ್ಡೆ. ಹಸಿಯೇ? ಹಸಿ. ಎಲ್ಲಿಗೆ? ಮಣ್ಣಿಗೆ. ಹೆಂಡತಿಯ ಬಾಯಲ್ಲೂ ಪಾಲಿಕೆಯ ಮಂತ್ರ ಬಂತಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು! ಹೆಚ್ಚಿ ಹಾಕಬೇಕೆಂಬ ನಿಯಮವಿತ್ತು. ಈಳಿಗೆಯ ಅಲಗು ಮಣೆಯಿಂದ ಕಿತ್ತು ಬಂದದ್ದರಿಂದ ಇಡಿಯಾಗಿಯೇ ಡ್ರಮ್ಮಿಗೆ ಒತ್ತಿ, ಮೇಲೆ ಸಿಪ್ಪೆ ಸುರಿದ. ಸಂಜೆ ಮಲ್ಲಿಕಾ ಕೇಳಿದಾಗ ಹಾಕಿದೆ ಎಂದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮರುದಿನ ಕುಲ್ಸುಮ್ ಬಂದು ಮೊಹರು ಹಾಕಿ ಹೋದರು.

ಇಪ್ಪತ್ತೇಳನೆಯ ದಿನ ಮಲ್ಲಿಕಾಳ ಫೋನು ಬಂತು. ಧ್ವನಿ ಭಾರವಾಗಿತ್ತು. ತೋಟಕ್ಕೆ ಬೇರುಕೊಳೆ ಹತ್ತಿ, ಅಜ್ಜನ ಕಾಲದಿಂದ ಬಂದ ಕೆಂಪು ಬಾಳೆಯ ಬುಡಗಳೆಲ್ಲ ಹೋಗಿದ್ದವು.

"ನಿಮಗ ಕಳಿಸಿದ ಕಂದು ಒಂದೇ ಉಳದದ ರೀ. ರವಿವಾರ ಅಪ್ಪ ಅದನ್ನ ನೋಡ್ಲಾಕ ಬರ್ಲಾಕತ್ಯಾರ."

ಕಂದು ಎಂದರೆ ಬಾಳೆಯ ಬುಡದಲ್ಲಿ ಮೂಡುವ ಮರಿ, ಅದನ್ನು ನೆಟ್ಟರೆ ಬಾಳೆ ಎಂಬುದು ಅರುಣಕುಮಾರನಿಗೆ ಆ ಕ್ಷಣದಲ್ಲಿ ಹೊಳೆಯಿತು. ಡ್ರಮ್ಮಿನ ಬಳಿ ಓಡಿ, ಅದಕ್ಕೆ ಕಿವಿ ಹಚ್ಚಿ ನಿಂತ. ಕಂದೇನು ಅಳುತ್ತದೆಯೇ? ಪಟ್ಟಿ ಹರಿದರೆ ಓಣಿಯಲ್ಲಿ ಮಾನ ಹೋಗುತ್ತದೆ. ಹರಿದರೂ ಸಿಗುವುದೇನು? ಮೂವತ್ತು ದಿನದಲ್ಲಿ ಎಂಥದ್ದೂ ಕರಗುತ್ತದೆ ಎಂದು ಕುಲ್ಸುಮ್ ಹೇಳಿದ್ದರಲ್ಲ. ಮಾವ ಒಂದು ದಿನವೂ ಅವನಿಗೆ ಗಟ್ಟಿಯಾಗಿ ಮಾತಾಡಿದವರಲ್ಲ. ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಶನಿವಾರ ನರ್ಸರಿಯಿಂದ ಸಾದಾ ಬಾಳೆಯ ಸಸಿ ತಂದು ಹಿತ್ತಲಲ್ಲಿ ನೆಟ್ಟ. ಕೆಂಪು ಬಾಳೆಯ ದಿಂಡೂ ಕೆಂಪು, ಇದರದೋ ಹಸಿರು! ವಿನಾಶಕಾಲೇ ವಿಪರೀತ ಬುದ್ಧಿ. ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ ಬುಡದಿಂದ ಸುಳಿಯವರೆಗೆ ಹಚ್ಚಿದ.

ರವಿವಾರ ದೌಲಪ್ಪ ಮಗಳೊಂದಿಗೆ ಬಂದವರು ಕೊಟ್ಟ ನೀರನ್ನೂ ಕುಡಿಯದೆ ಹಿತ್ತಲಿಗೆ ನಡೆದರು. ಸಸಿಯನ್ನು ಮೊಮ್ಮಗುವಿನಂತೆ ಸವರಿದರು. ಅಂಗೈ ಕೆಂಪಾಯಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಲ್ಲಿಕಾ, ನಿಮ್ಮನಿ ಬಾಳಿ ಮುತ್ತೈದಿ ಆಗ್ಯಾಳ ನೋಡು."

ಮಲ್ಲಿಕಾ ಗಂಡನನ್ನು ನೋಡಿದಳು. ಆ ನೋಟಕ್ಕೆ ಅರುಣಕುಮಾರ ಹಸಿ, ಮಣ್ಣು, ಈಳಿಗೆ, ಡ್ರಮ್ಮು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಕ್ಕಿಬಿಟ್ಟ. ದೌಲಪ್ಪ ಬೈಯಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅಂಗೈಯ ಕುಂಕುಮ ಒರೆಸತೊಡಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಅಂದೇ ಮೂವತ್ತನೆಯ ದಿನ. ಅಷ್ಟರಲ್ಲಿ ಕುಲ್ಸುಮ್ ಓಣಿಯವರ ದಂಡು ಕಟ್ಟಿಕೊಂಡು ಬಂದರು. ಪಟ್ಟಿ ಕತ್ತರಿಸಿ ಮುಚ್ಚಳ ಎತ್ತಿದ್ದೇ ತಡ, ವಾಸನೆಗೆ ಹೆದರಿ ದಂಡು ಮೂರು ಹೆಜ್ಜೆ ಹಿಂದೆ ಸರಿಯಿತು. ನೀರು ಚಿಮುಕಿಸುವುದನ್ನೇ ಅವನು ಮರೆತಿದ್ದರಿಂದ ಒಳಗೆ ಸಿಪ್ಪೆ ಒಣಗಿ ಸಿಪ್ಪೆಯಾಗಿಯೇ ಇತ್ತು. ಕಡಕ್ ರೊಟ್ಟಿಯ ಚೂರುಗಳು ಇನ್ನೂ ಕಡಕ್ಕಾಗಿಯೇ ಇದ್ದವು. ಅವುಗಳ ನಡುವೆ ಗೇಣುದ್ದದ ಕೆಂಪು ಸುಳಿಯೊಂದು ನೆಟ್ಟಗೆ ನಿಂತಿತ್ತು!

ಇದು ಗೊಬ್ಬರವಲ್ಲ, ಫಲಕ ಕೊಡಲಾಗದು ಎಂದು ಕುಲ್ಸುಮ್ ಬೇಸರದಿಂದಲೇ ಕಾಗದದ ಮೇಲೆ ಗೀಟು ಎಳೆದರು. ದೌಲಪ್ಪನವರ ಕಿವಿಗೆ ಅದು ಬೀಳಲೇ ಇಲ್ಲ. ಎರಡೂ ಕೈಯಿಂದ ಕಂದನ್ನು ಎತ್ತಿ, ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ಅದೇ ವಸ್ತ್ರದಿಂದ ಕಣ್ಣನ್ನೂ ಒರೆಸಿಕೊಂಡರು. ಓಣಿಯೆಲ್ಲ ಕೇಳುವಂತೆ ಮೊದಲ ಸಲ ಗಟ್ಟಿಯಾಗಿ ಮಾತಾಡಿದರು:

"ಅಳಿಯಾರ, ನಿಮಗ ಬೆಳಸ್ಲಾಕ ಬರಂಗಿಲ್ಲಂತ ನನಗ ಗೊತ್ತೇ ಇತ್ತು. ಕೊಳಸ್ಲಾಕೂ ಬರಂಗಿಲ್ಲಲ್ಲ, ಅದು ನನ್ನ ಪುಣ್ಯ."